ನೆತ್ತರ ಕಾಲುವೆಗೊಂದು ಜಾಲರಿ

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ಘಟಪ್ರಭೆಯ ನೀರು ಗೋಕಾಕ, ಮೂಡಲಗಿಗಳ ಹೊಲಗಳಿಗೆ ಕಾಲುವೆಗಳಲ್ಲಿ ಹರಿಯುತ್ತದೆ. ತೇಲಿಬಂದ ಕಸವು ತೂಬಿನ ಬಾಯಿಗೆ ಸಿಕ್ಕಿಕೊಂಡರೆ ಮುಂದಿನ ಹೊಲಕ್ಕೆ ನೀರಿಲ್ಲ. ನಮ್ಮ ದೇಹದಲ್ಲಿಯೂ ಇಂತಹ ಅಪಾಯವುಂಟು.

ಬಹುದಿನ ಹಾಸಿಗೆ ಹಿಡಿದವರ ಕಾಲಿನ ಆಳದ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡರೆ, ಹೊಟ್ಟೆಯೊಳಗಿನ ಮಹಾಭಿಧಮನಿಯ ಮೂಲಕ ಹೃದಯವನ್ನು ಹಾದು ಶ್ವಾಸಕೋಶದ ಧಮನಿಯಲ್ಲಿ ಸಿಲುಕುತ್ತದೆ. ಅದು ದೊಡ್ಡದಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋದೀತು.

ಇದಕ್ಕೆ ಮೊದಲ ಮದ್ದು ಹೆಪ್ಪುಗಟ್ಟುವಿಕೆಯನ್ನು ತಡೆಯುವ ಔಷಧ. ಆದರೆ ಮೆದುಳಿನಲ್ಲಿ ರಕ್ತ ಸೋರುತ್ತಿರುವ ರೋಗಿಗೆ ಅದನ್ನು ಕೊಡುವುದೆಂತು? ಅಂತಹವರಿಗಾಗಿಯೇ ಮಹಾಭಿಧಮನಿಯಲ್ಲಿ ಜಾಲರಿಯನ್ನಿಡುತ್ತಾರೆ. ಅಮೆರಿಕದ ವೈದ್ಯ ಗ್ರೀನ್‌ಫೀಲ್ಡ್ ಮತ್ತು ತೈಲೋದ್ಯಮದ ಎಂಜಿನಿಯರ್ ಕಿಮೆಲ್ ರೂಪಿಸಿದ ಶಂಕುವಿನಾಕಾರದ ಜಾಲರಿಯು 1973ರಲ್ಲಿ ಬೆಳಕಿಗೆ ಬಂದಿತು. ಅದರ ಗುಟ್ಟು ಗಣಿತದಲ್ಲಿದೆ. ಶಂಕುವಿನ ತುದಿಯಿಂದ ಶೇಕಡಾ 70ರಷ್ಟು ಉದ್ದಕ್ಕೆ ಹೆಪ್ಪು ತುಂಬಿದರೂ ನಾಳದ ಅಡ್ಡಕೊಯ್ತದಲ್ಲಿ ಮುಚ್ಚುವುದು 0.7 × 0.7, ಎಂದರೆ ಶೇಕಡಾ 49 ಮಾತ್ರ. ಅಂಚಿನಲ್ಲಿ ರಕ್ತವು ಹರಿಯುತ್ತಲೇ ಇರುತ್ತದೆ. ಸಿಕ್ಕ ಹೆಪ್ಪನ್ನು ದೇಹವು ಕ್ರಮೇಣ ಕರಗಿಸಬಲ್ಲದು.

ಇಂದು ಹೊಟ್ಟೆಯನ್ನು ಕೊಯ್ಯದೆ, ಕುತ್ತಿಗೆಯ ಅಥವಾ ತೊಡೆಸಂದಿನ ಅಭಿಧಮನಿಯಿಂದ ತೆಳು ಕೊಳವೆಯ ಮೂಲಕ ಇದನ್ನು ಇಡುತ್ತಾರೆ. ಬಹುಕಾಲ ಉಳಿದರೆ ಜಾಲರಿಯು ಓರೆಯಾಗಬಹುದು, ಮುರಿಯಬಹುದು. ತಾನೇ ಹೆಪ್ಪಿಗೆ ಎಡೆಗೊಡಬಹುದು. ಆದುದರಿಂದ ಅಪಾಯ ಕಳೆದೊಡನೆ, ತೆಗೆಯಬಲ್ಲ ಜಾಲರಿಯನ್ನು ತೆಗೆಸಬೇಕು. ಇಡುವಷ್ಟೇ ಜಾಣ್ಮೆ ತೆಗೆಯುವುದರಲ್ಲಿಯೂ ಇದೆಯೆಂಬುದನ್ನು ನಾವು ಮರೆಯಬಾರದು.