ಅಂಗಡಿಯ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್: 40 ಸಾವಿರ ಹಾಕುವ ಮೊದಲು ಇಷ್ಟು ನೋಡಿಕೊಳ್ಳಿ

ಬಸವನ ಬಾಗೇವಾಡಿ: ಅರ್ಜಿ ತುಂಬಿ ಆಗಿರುತ್ತದೆ, ಶುಲ್ಕ ಕಟ್ಟಲು ಬಟನ್ ಒತ್ತಿ ಆಗಿರುತ್ತದೆ. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಹಳೆ ಯುಪಿಎಸ್ ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ದುಡ್ಡು ಕಟ್ ಆಯಿತೋ ಇಲ್ಲವೋ, ರಸೀದಿ ಬರುತ್ತದೋ ಇಲ್ಲವೋ ಎಂದು ಗಿರಾಕಿ ಕೇಳಿದರೆ ಅಂಗಡಿಯವರ ಹತ್ತಿರ ಉತ್ತರ ಇರುವುದಿಲ್ಲ. ಆನ್‌ಲೈನ್ ಸೆಂಟರ್ ಇರಲಿ, ಝೆರಾಕ್ಸ್ ಅಂಗಡಿ ಇರಲಿ, ಗೊಬ್ಬರದ ಅಂಗಡಿ ಇರಲಿ, "ಈ ಡಬ್ಬಾ ತಗದು ಒಂದು ಲ್ಯಾಪ್‌ಟಾಪ್ ಇಟ್ಟರ ಹೆಂಗ್ರಿ?" ಎನ್ನುವ ಮಾತು ಬರುವುದು ಇಂಥ ಹೊತ್ತಿನಲ್ಲೇ.

ನೇರ ಉತ್ತರ ಹೀಗಿದೆ: ಬಿಲ್, ಟ್ಯಾಲಿ, ಆನ್‌ಲೈನ್ ಅರ್ಜಿ, ನುಡಿಯಲ್ಲಿ ಟೈಪಿಂಗ್, ಪ್ರಿಂಟ್ ಇಷ್ಟೇ ಕೆಲಸ ಇದ್ದವರಿಗೆ 35ರಿಂದ 45 ಸಾವಿರ ರೂಪಾಯಿ ಆಸುಪಾಸಿನ 15.6 ಇಂಚಿನ ಲ್ಯಾಪ್‌ಟಾಪ್ ಸಾಕು. ಆದರೆ ಸುಮ್ಮನೆ ತಂದು ಟೇಬಲ್ ಮೇಲೆ ಇಟ್ಟರೆ ಅದು ಡೆಸ್ಕ್‌ಟಾಪ್ ಆಗುವುದಿಲ್ಲ.

ಈಗ ಯಾಕೆ ಈ ಪ್ರಶ್ನೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಸಿಗುವ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೂ 2026ರ ಅಕ್ಟೋಬರ್ 13ರ ಗಡುವು ಕೊಡಲಾಗಿದೆ. ಕಂಪ್ಯೂಟರ್ ಬಂದ್ ಬೀಳುವುದಿಲ್ಲ, ನಿಜ. ಆದರೆ ಹೊಸ ವೈರಸ್‌ಗಳಿಂದ ರಕ್ಷಣೆ ಇಲ್ಲದ ಯಂತ್ರದಲ್ಲಿ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡಿ ಇಡುವುದು ಸರಿಯಲ್ಲ.

ವಿಂಡೋಸ್ 11 ಹಾಕಲು ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ, ಕನಿಷ್ಠ 4 ಜಿಬಿ ರ್‍ಯಾಮ್ ಬೇಕು. ಕೋರ್ 2 ಡ್ಯುಯೊ, 3ನೇ-4ನೇ ತಲೆಮಾರಿನ ಐ3 ಡೆಸ್ಕ್‌ಟಾಪ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಡೆಸ್ಕ್‌ಟಾಪ್ 8ನೇ ತಲೆಮಾರಿನದೇ ಆಗಿದ್ದು, ಬರೀ ನಿಧಾನ ಎನ್ನುವುದೇ ತೊಂದರೆ ಆಗಿದ್ದರೆ ಅವಸರ ಬ್ಯಾಡ. ಹಳೆ ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿದರೆ ಲ್ಯಾಪ್‌ಟಾಪ್‌ಗಿಂತ ಬಹಳ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ.

ಲಾಭ ಇರುವುದು ಕರೆಂಟ್ ಬಿಲ್ಲಿನಲ್ಲಿ ಅಲ್ಲ

ಹಳೆ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 100 ವ್ಯಾಟ್ ತಿನ್ನುತ್ತವೆ ಎಂದು ಹಿಡಿಯೋಣ. ದಿನಕ್ಕೆ 10 ತಾಸು ನಡೆದರೆ 1 ಯೂನಿಟ್. ಲ್ಯಾಪ್‌ಟಾಪ್‌ಗೆ ಸುಮಾರು 30 ವ್ಯಾಟ್ ಹಿಡಿದರೆ 0.3 ಯೂನಿಟ್. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ ಉಳಿಯುವುದು 210 ಯೂನಿಟ್. ಯೂನಿಟ್‌ಗೆ 7 ರೂಪಾಯಿಯಂತೆ 1,470 ರೂಪಾಯಿ. ಇಷ್ಟರಿಂದ 40 ಸಾವಿರ ವಾಪಸ್ ಬರುವುದಿಲ್ಲ.

ನಿಜವಾದ ಲಾಭ ಬ್ಯಾಟರಿಯಲ್ಲಿದೆ. ಸಣ್ಣ ಯುಪಿಎಸ್ ಡೆಸ್ಕ್‌ಟಾಪನ್ನು ಕೆಲವು ನಿಮಿಷ ಹಿಡಿದರೆ, ಹೊಸ ಲ್ಯಾಪ್‌ಟಾಪ್ ಸಾಮಾನ್ಯ ಕೆಲಸದಲ್ಲಿ ಮೂರು-ನಾಲ್ಕು ತಾಸು ನಡೆಯುತ್ತದೆ. ಹೆಸ್ಕಾಂ ಲೈನ್ ದುರಸ್ತಿ ಎಂದು ಮಧ್ಯಾಹ್ನದವರೆಗೆ ಕರೆಂಟ್ ತೆಗೆದರೂ ಅರ್ಜಿ ನಡುವೆ ನಿಲ್ಲುವುದಿಲ್ಲ.

ಆದರೆ ಒಂದು ಮಾತು ಬಹಳ ಜನ ಮರೆಯುತ್ತಾರೆ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ವೈಫೈ ರೂಟರ್ ಉಳಿಯುವುದಿಲ್ಲ. ರೂಟರ್‌ಗೆ ಬೇರೆ ಸಣ್ಣ ಬ್ಯಾಟರಿ ಬ್ಯಾಕಪ್ ಬೇಕು, ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್ ತಯಾರಿರಬೇಕು. ಲೇಸರ್ ಪ್ರಿಂಟರ್ ಕಾಯುವಾಗ ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ. ಅದನ್ನು ಸಣ್ಣ ಯುಪಿಎಸ್‌ಗೆ ಹಚ್ಚಬಾರದು. ಹೀಗಾಗಿ ರಸೀದಿಯನ್ನು ಪಿಡಿಎಫ್ ಮಾಡಿ ಗಿರಾಕಿಯ ವಾಟ್ಸ್‌ಆ್ಯಪ್‌ಗೆ ಕಳಿಸಿ, ಕರೆಂಟ್ ಬಂದ ಮೇಲೆ ಪ್ರಿಂಟ್ ಕೊಡುವುದು ಒಳ್ಳೆಯದು.

ಏನು ನೋಡಿ ತಗೋಬೇಕು?

ಪ್ರೊಸೆಸರ್: ಇಂಟೆಲ್ ಐ3-1215ಯು, ಐ3-1315ಯು ಅಥವಾ ರೈಝೆನ್ 5 5000 ಸಾಲಿನವು ಅಂಗಡಿ ಕೆಲಸಕ್ಕೆ ಧಾರಾಳ. ಸೆಲೆರಾನ್ ಹೆಸರಿನ ಅಗ್ಗದ ಲ್ಯಾಪ್‌ಟಾಪ್ ದಿನವಿಡೀ ಕೆಲಸಕ್ಕೆ ಬ್ಯಾಡ.

ರ್‍ಯಾಮ್: 8 ಜಿಬಿ ಕನಿಷ್ಠ. ಅದಕ್ಕಿಂತ ಮುಖ್ಯ, ಮುಂದೆ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ರೈಝೆನ್ 3 7320ಯು, ರೈಝೆನ್ 5 7520ಯು ಇರುವ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. 8 ಜಿಬಿ ತಗೊಂಡರೆ ಕೊನೆತನಕ 8 ಜಿಬಿಯೇ.

ಕೀಬೋರ್ಡ್: 15.6 ಇಂಚಿನ ಬಹಳಷ್ಟು ಮಾದರಿಗಳಲ್ಲಿ ಬಲಗಡೆ ಅಂಕಿಗಳ ಪ್ಯಾಡ್ ಇರುತ್ತದೆ, 14 ಇಂಚಿನದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದಿನವಿಡೀ ಬಿಲ್ ಹೊಡೆಯುವವರಿಗೆ ಇದು ದೊಡ್ಡ ವ್ಯತ್ಯಾಸ.

ಪರದೆ: ಫುಲ್ ಎಚ್‌ಡಿ, ಐಪಿಎಸ್ ಇರಲಿ. ಐಪಿಎಸ್ ಅಲ್ಲದ ಅಗ್ಗದ ಪರದೆ ಪಕ್ಕದಿಂದ ನೋಡಿದರೆ ಮಸುಕು. ಕೌಂಟರ್ ಪಕ್ಕ ನಿಂತ ಗಿರಾಕಿಗೆ ತನ್ನ ಹೆಸರು ಸರಿ ಇದೆಯೋ ಇಲ್ಲವೋ ಓದಲು ಬರುವುದಿಲ್ಲ.

ಪೋರ್ಟ್: ಪ್ರಿಂಟರ್, ಬೆರಳಚ್ಚು ಯಂತ್ರ, ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಎಂದು ಐದು ಯುಎಸ್‌ಬಿ ಬೇಕಾಗುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು ಹೆಚ್ಚಾಗಿ ಮೂರು. ಯುಎಸ್‌ಬಿ ಹಬ್ ಬೇಕೇ ಬೇಕು. ಹಳೆ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಅಡಾಪ್ಟರ್ ತಗೊಳ್ಳಿ.

ಎರಡು ಬಲೆಗಳು

ಮೊದಲನೆಯದು, ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ಬ್ಯಾಟರಿ ಚಲೋ ಬರುತ್ತದೆ, ಆದರೆ ಇಂಟೆಲ್ ಮಾದರಿಗೆ ಬರೆದ ಪ್ರಿಂಟರ್ ಹಾಗೂ ಬೆರಳಚ್ಚು ಯಂತ್ರದ ಡ್ರೈವರ್‌ಗಳು ಅದರಲ್ಲಿ ಕೂರುವುದಿಲ್ಲ. ಎರಡನೆಯದು, ಎಸ್ ಮೋಡ್. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಬಿಟ್ಟು ಹೊರಗಿನದ್ದು ಇನ್‌ಸ್ಟಾಲ್ ಆಗುವುದಿಲ್ಲ. ಆದರೆ ದುಡ್ಡಿಲ್ಲದೆ ಅದರಿಂದ ಹೊರಬರಬಹುದು. ಅಂಗಡಿಯಲ್ಲೇ ತೆಗೆಸಿಕೊಂಡು ಬನ್ನಿ.

ತಂದ ಮೇಲೆ ಹೀಗೆ ಇಡಿ

ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಕಂಪನಿಗಳು ಹೇಳುವ ಮಿತಿ 35 ಡಿಗ್ರಿ. ಪತ್ರಾಸಿನ ಅಂಗಡಿಯಾದರೆ ಇನ್ನೂ ಕಷ್ಟ. ಕೆಳಗಡೆ ಗಾಳಿ ಆಡುವಂತೆ ಸ್ಟ್ಯಾಂಡ್ ಮೇಲೆ ಎತ್ತರಿಸಿ ಇಡಿ, ವರ್ಷಕ್ಕೊಮ್ಮೆ ಫ್ಯಾನ್‌ನ ಧೂಳು ತೆಗೆಸಿ. ಹೊರಗಿನ ಕೀಬೋರ್ಡ್, ಮೌಸ್ ಹಚ್ಚಿ. ಹೊರಗಿನ ಕೀಬೋರ್ಡ್ ಕೆಟ್ಟರೆ ಕೆಲವು ನೂರು ರೂಪಾಯಿ, ಒಳಗಿನದು ಕೆಟ್ಟರೆ ಸಾವಿರಗಳ ಮಾತು.

ಸದಾ ಚಾರ್ಜರ್ ಹಚ್ಚಿಟ್ಟು ಬ್ಯಾಟರಿ ಯಾವಾಗಲೂ 100ರಲ್ಲೇ ಇದ್ದರೆ, ಅದರ ಮೇಲೆ ಬಿಸಿಯೂ ಸೇರಿದರೆ, ಆಯುಷ್ಯ ಕಡಿಮೆ ಆಗುತ್ತದೆ. ಲೆನೊವೊ, ಏಸಸ್‌ನಂಥ ಕಂಪನಿಗಳ ಬಹಳಷ್ಟು ಮಾದರಿಗಳಲ್ಲಿ ಚಾರ್ಜನ್ನು ಶೇ 80ರ ಆಸುಪಾಸಿಗೆ ನಿಲ್ಲಿಸುವ ಸೆಟ್ಟಿಂಗ್ ಇದೆ. ಅದನ್ನು ಮೊದಲ ದಿನವೇ ಆನ್ ಮಾಡಿ.

ಬಿಲ್ ತಗೊಳ್ಳುವಾಗ

ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ಶೇ 18. ತೆರಿಗೆ ಸೇರಿ 40 ಸಾವಿರದ ಬಿಲ್ ಆದರೆ ಅದರಲ್ಲಿ ಸುಮಾರು 6,100 ರೂಪಾಯಿ ತೆರಿಗೆಯೇ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ನಂಬರ್ ಬರೆಸಿದರೆ, ವ್ಯಾಪಾರದ ಬಳಕೆಗೆ ಆ ಮೊತ್ತವನ್ನು ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಕಾಂಪೋಸಿಷನ್ ಯೋಜನೆಯಲ್ಲಿ ಇರುವವರಿಗೆ ಈ ಲಾಭ ಇಲ್ಲ.

ಯಾರಿಗೆ ಬ್ಯಾಡ?

ಮದುವೆ ಆಲ್ಬಂ, ವಿಡಿಯೊ ಎಡಿಟಿಂಗ್ ಮಾಡುವ ಸ್ಟುಡಿಯೊದವರಿಗೆ ಅದೇ ದುಡ್ಡಿನಲ್ಲಿ ಡೆಸ್ಕ್‌ಟಾಪ್ ಹೆಚ್ಚು ಶಕ್ತಿ ಕೊಡುತ್ತದೆ. ಹತ್ತಾರು ಕೈ ಮುಟ್ಟುವ ಟೈಪಿಂಗ್ ಕ್ಲಾಸಿಗೂ ಡೆಸ್ಕ್‌ಟಾಪೇ ಸರಿ. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಸುಟ್ಟರೆ ಅದೊಂದನ್ನೇ ಬದಲಿಸಿದರಾಯಿತು. ಲ್ಯಾಪ್‌ಟಾಪ್‌ನ ಬೋರ್ಡ್ ಹೋದರೆ ವಿಜಯಪುರದ ದಾರಿ ಹಿಡಿಯಬೇಕು, ಖರ್ಚೂ ದೊಡ್ಡದು.

ಉಳಿದವರು ತಗೊಳ್ಳುವ ಮೊದಲು ಒಂದು ಕೆಲಸ ಮಾಡಲಿ. ತಮ್ಮ ಪ್ರಿಂಟರ್ ಮತ್ತು ಬೆರಳಚ್ಚು ಯಂತ್ರದ ಮಾದರಿ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, "ಇವು ಈ ಲ್ಯಾಪ್‌ಟಾಪಿಗೆ ನಡೀತಾವೇನ್ರಿ?" ಎಂದು ಕೇಳಲಿ. ಹಳೆ ಡೆಸ್ಕ್‌ಟಾಪನ್ನು ತಿಂಗಳೊಪ್ಪತ್ತು ಮಾರದೆ ಇಟ್ಟುಕೊಳ್ಳಲಿ. ಅದರಲ್ಲಿನ ಟ್ಯಾಲಿ ಡೇಟಾ, ಗಿರಾಕಿಗಳ ಕಡತ ಎಲ್ಲ ಹೊಸದಕ್ಕೆ ಬಂದವು ಎಂದು ಖಾತ್ರಿಯಾದ ಮೇಲೆಯೇ, ಹಾರ್ಡ್‌ಡಿಸ್ಕ್ ತೆಗೆದಿಟ್ಟುಕೊಂಡು ಡಬ್ಬಾ ಕೊಡಲಿ.