ಹೋದ ದನಿ, ಬಂದ ದನಿ: ಆಕಾಶವಾಣಿಯ ಕಂಟ್ರೋಲ್ ರೂಮ್

ಆಕಾಶವಾಣಿ ನಿಲಯವೊಂದರಲ್ಲಿ ಸ್ಟುಡಿಯೋಗಳು, ಉದ್ಘೋಷಕರ ಕೊಠಡಿ, ಡ್ಯೂಟಿ ರೂಮ್, ಧ್ವನಿಮುದ್ರಣದ ಕೋಣೆಗಳು ಬೇರೆಬೇರೆಯಾಗಿ ಹಂಚಿಕೊಂಡಿದ್ದರೂ, ಅಲ್ಲಿ ಹುಟ್ಟುವ ಯಾವ ದನಿಯೂ ನಿಯಂತ್ರಣ ಕೊಠಡಿಯನ್ನು ಹಾಯದೆ ಹೊರಗೆ ಹೋಗುವಂತಿಲ್ಲ. ನಿಲಯದವರು ‘ಕಂಟ್ರೋಲ್ ರೂಮ್’ ಎಂದೇ ಕರೆಯುವ ಈ ಕೊಠಡಿಗೆ ಸ್ಟುಡಿಯೋದ ಮಾತು, ಮುದ್ರಿತ ಕಾರ್ಯಕ್ರಮ, ಉಪಗ್ರಹದ ಮೂಲಕ ಇಳಿಯುವ ದೆಹಲಿಯ ವಾರ್ತೆ, ಸಭಾಂಗಣದಿಂದ ಬರುವ ಸಂಗೀತ ಕಚೇರಿಯ ನೇರ ಪ್ರಸಾರ ಎಲ್ಲವೂ ವಿದ್ಯುತ್ ಸಂಕೇತಗಳಾಗಿ, ಎಂದರೆ ದನಿಯ ಏರಿಳಿತಕ್ಕೆ ತಕ್ಕಂತೆ ತಾನೂ ಏರಿಳಿಯುವ ವಿದ್ಯುತ್ ಪ್ರವಾಹವಾಗಿ, ಬಂದು ಸೇರುತ್ತವೆ. ಅವುಗಳಲ್ಲಿ ಆ ಗಳಿಗೆಗೆ ಸಲ್ಲುವ ಒಂದನ್ನು ಆರಿಸಿ, ಅದರ ಮಟ್ಟವನ್ನು ಹದಗೊಳಿಸಿ, ಟ್ರಾನ್ಸ್‌ಮಿಟರಿಗೆ ಕಳುಹಿಸುವುದು ಅಲ್ಲಿನ ತಂತ್ರಜ್ಞರ ಕೆಲಸ. ಈ ಕೆಲಸವನ್ನು ಹೀಗೆ ಒಂದೇ ವಾಕ್ಯದಲ್ಲಿ ಹೇಳಬಹುದಾದರೂ ಅದರ ತಿರುಳು ಕಳುಹಿಸುವುದರಲ್ಲಿಲ್ಲ. ಕಳುಹಿಸಿದ್ದು ತಲುಪಿತೇ ಎಂಬುದನ್ನು ಎಡೆಬಿಡದೆ ಪರೀಕ್ಷಿಸುತ್ತಿರುವುದರಲ್ಲಿದೆ.

ಕರ್ನಾಟಕದಲ್ಲಿ ಈ ಕಸುಬು ಆರಂಭವಾದದ್ದು ಒಂದು ಮನೆಯಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ 30 ವಾಟ್‌ನ ಸಣ್ಣ ಟ್ರಾನ್ಸ್‌ಮಿಟರಿನ ಮೂಲಕ ಪ್ರಸಾರವನ್ನು ತೊಡಗಿಸಿದರು. ತಂತು ಕಾಯ್ದು ಬೆಳಗುತ್ತಿದ್ದ ಹಳೆಯ ಬಗೆಯ ಒಂದು ಸಾಮಾನ್ಯ ಬಲ್ಬಿಗೆ ಬೇಕಾಗುತ್ತಿದ್ದಷ್ಟೂ ಇಲ್ಲದ ಶಕ್ತಿ ಅದು. ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತ ಆ ನಿಲಯವು ಮುಂದೆ ಮೈಸೂರು ಸಂಸ್ಥಾನದ ವಶಕ್ಕೂ, ಸಂಸ್ಥಾನದ ವಿಲೀನದ ಬಳಿಕ ಆಲ್ ಇಂಡಿಯಾ ರೇಡಿಯೋದ ವಶಕ್ಕೂ ಬಂದಿತು. ಹೆಸರು ಮಾತ್ರ ಊರನ್ನು ಮೀರಿ ಇಡೀ ದೇಶದ ಬಾನುಲಿಯದಾಯಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಅರವತ್ತರ ದಶಕದಲ್ಲಿ ಭದ್ರಾವತಿ ಮತ್ತು ಕಲಬುರಗಿ, 1976ರಲ್ಲಿ ಮಂಗಳೂರು ನಿಲಯಗಳು ಒಂದೊಂದಾಗಿ ಬಂದವು. ಬೆಂಗಳೂರಿನ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ 200 ಕಿಲೋವಾಟ್‌ನದು, ಎಂದರೆ ಗೋಪಾಲಸ್ವಾಮಿಯವರ ಯಂತ್ರದ ಆರು ಸಾವಿರ ಪಟ್ಟಿಗಿಂತಲೂ ಹೆಚ್ಚು. ಬೆಂಗಳೂರಿನ 612, ಭದ್ರಾವತಿಯ 675, ಧಾರವಾಡದ 765 ಕಿಲೋಹರ್ಟ್ಸ್ ಎಂಬ ಸಂಖ್ಯೆಗಳನ್ನು ಉದ್ಘೋಷಕರ ಬಾಯಿಂದ ಕೇಳಿ ಕಂಠಪಾಠ ಮಾಡಿಕೊಂಡಿರುವ ಶ್ರೋತೃಗಳು ಅವೆಲ್ಲವೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ ಎಂಬುದನ್ನು ಗಮನಿಸಿರಲಾರರು. ಒಂದು ನಿಲಯದ ದನಿ ಇನ್ನೊಂದರ ಮೇಲೆ ಹರಿಯದಿರಲೆಂದು ಏಷ್ಯಾ, ಯೂರೋಪ್ ಮತ್ತು ಆಫ್ರಿಕಾದ ಮಧ್ಯಮ ತರಂಗದ ನಿಲಯಗಳಿಗೆ ಒಂಬತ್ತು ಕಿಲೋಹರ್ಟ್ಸ್ ಅಂತರದ ಮೆಟ್ಟಿಲುಗಳನ್ನು ಗೊತ್ತುಮಾಡಿ, ಆ ಹಂಚಿಕೆಯನ್ನು 1978ರಲ್ಲಿ ಜಾರಿಗೆ ತಂದುದರ ಫಲ ಇದು.

ಸ್ಟುಡಿಯೋ ಊರೊಳಗಿದ್ದರೂ ಮಧ್ಯಮ ತರಂಗದ ಟ್ರಾನ್ಸ್‌ಮಿಟರ್ ಊರಾಚೆ ಇರುವುದೇ ವಾಡಿಕೆ. 612 ಕಿಲೋಹರ್ಟ್ಸ್‌ನ ಒಂದು ಅಲೆ ಸುಮಾರು 490 ಮೀಟರ್ ಉದ್ದದ್ದಾದ್ದರಿಂದ, ಅದನ್ನು ಚೆನ್ನಾಗಿ ಬೀರಬಲ್ಲ ಕಂಬಕ್ಕೆ ಆ ಉದ್ದದ ಕಾಲುಭಾಗವಾದರೂ, ಎಂದರೆ ನೂರಿಪ್ಪತ್ತು ಮೀಟರಿನಷ್ಟು, ಎತ್ತರ ಬೇಕಾಗುತ್ತದೆ. ಆ ಉಕ್ಕಿನ ಕಂಬವು ಆಂಟೆನಾವನ್ನು ಹೊತ್ತು ನಿಂತಿರುವುದಲ್ಲ, ತಾನೇ ಆಂಟೆನಾ. ಆದಕಾರಣ ಅದನ್ನು ನೆಲಕ್ಕೆ ತಾಗದಂತೆ ಪಿಂಗಾಣಿಯ ಅವಾಹಕದ ಮೇಲೆ ನಿಲ್ಲಿಸಿ, ಸುತ್ತಲಿನ ಮಣ್ಣಿನಲ್ಲಿ ತಾಮ್ರದ ತಂತಿಗಳನ್ನು ಬಂಡಿಯ ಚಕ್ರದ ಅರಗಳಂತೆ ಹೂಳಿರುತ್ತಾರೆ. ಇಷ್ಟು ಜಾಗವನ್ನು ಊರಿನ ನಡುವೆ ಬೇಡಿ ಪ್ರಯೋಜನವಿಲ್ಲ. ಹೀಗಾಗಿ ಸ್ಟುಡಿಯೋಕ್ಕೂ ಟ್ರಾನ್ಸ್‌ಮಿಟರಿಗೂ ನಡುವೆ ಕೆಲವು ಕಿಲೋಮೀಟರುಗಳ ಒಂದು ಕೊಂಡಿ ಏರ್ಪಡುತ್ತದೆ. ಹಿಂದೆ ಅದು ದೂರವಾಣಿ ಇಲಾಖೆಯಿಂದ ಬಾಡಿಗೆಗೆ ಪಡೆದ ತಂತಿಯಾಗಿತ್ತು; ಅನಂತರ ರೇಡಿಯೋ ಕೊಂಡಿಗಳೂ ಗಾಜಿನೆಳೆಯ ಕೇಬಲ್‌ಗಳೂ ಬಂದವು.

ಈ ದೂರವೇ ಕಂಟ್ರೋಲ್ ರೂಮಿನ ಶಿಸ್ತನ್ನು ರೂಪಿಸಿದೆ ಎನ್ನಬಹುದು. ಅಲ್ಲಿ ಕುಳಿತವರ ಮುಂದಿರುವ ಮಾನಿಟರ್ ಸ್ಪೀಕರಿಗೆ ಒಂದು ಆಯ್ಕೆಯ ಗುಂಡಿ ಇರುತ್ತದೆ. ಅದನ್ನು ತಿರುಗಿಸಿ ಸ್ಟುಡಿಯೋದಿಂದ ಬಂದದ್ದನ್ನು ಕೇಳಬಹುದು, ಕೊಠಡಿಯಿಂದ ಟ್ರಾನ್ಸ್‌ಮಿಟರಿಗೆ ಹೊರಟದ್ದನ್ನು ಕೇಳಬಹುದು, ಇಲ್ಲವೆ ಒಂದು ರಿಸೀವರ್ ಗಾಳಿಯಿಂದ ಹಿಡಿದುಕೊಟ್ಟದ್ದನ್ನು ಕೇಳಬಹುದು. ಮೂರನೆಯದಕ್ಕೆ ‘ಆಫ್ ಏರ್’ ಎಂದು ಹೆಸರು. ಅದು ಶ್ರೋತೃವಿನ ಮನೆಯಲ್ಲಿ ಕೇಳಿಸುವ ದನಿಯೇ ಆಗಿರುವುದರಿಂದ ಕಸುಬನ್ನು ಬಲ್ಲವರು ಪ್ರಸಾರದ ಹೊತ್ತಿನಲ್ಲಿ ಗುಂಡಿಯನ್ನು ಹೆಚ್ಚಾಗಿ ಅಲ್ಲೇ ಇಟ್ಟಿರುತ್ತಾರೆ. ದನಿ ನಿಂತುಹೋದಾಗ ಮೂರನ್ನೂ ಒಂದರ ಹಿಂದೊಂದು ಕೇಳಿದರೆ ದೋಷದ ಜಾಗ ತಾನಾಗಿ ಗೊತ್ತಾಗುತ್ತದೆ: ಮೊದಲನೆಯದರಲ್ಲೇ ಇಲ್ಲವಾದರೆ ಸ್ಟುಡಿಯೋದಲ್ಲಿ, ಎರಡನೆಯದರಲ್ಲಿ ಇಲ್ಲವಾದರೆ ಕಂಟ್ರೋಲ್ ರೂಮಿನಲ್ಲೇ, ಮೂರನೆಯದರಲ್ಲಿ ಮಾತ್ರ ಇಲ್ಲವಾದರೆ ಕೊಂಡಿಯಲ್ಲಿ ಅಥವಾ ಟ್ರಾನ್ಸ್‌ಮಿಟರಿನಲ್ಲಿ. ಆ ಕೊನೆಯ ಸಂದರ್ಭದಲ್ಲಿಯೂ ಮೌನದ ಬಗೆಯನ್ನು ಗುರುತಿಸಬೇಕಾಗುತ್ತದೆ. ರಿಸೀವರಿನಲ್ಲಿ ಗೊರಗೊರ ಸದ್ದು ಎದ್ದರೆ ವಾಹಕ ತರಂಗವೇ, ಎಂದರೆ ದನಿಯನ್ನು ಹೊತ್ತೊಯ್ಯುವ ಮೂಲ ಅಲೆಯೇ, ಬಿದ್ದುಹೋಗಿದೆ ಎಂದೂ, ನಿಶ್ಶಬ್ದವಾಗಿದ್ದರೆ ವಾಹಕವಿದ್ದು ಅದರ ಮೇಲೆ ಹೊರೆ ಮಾತ್ರ ಇಲ್ಲವೆಂದೂ ಅರ್ಥ. ಈ ತರ್ಕಕ್ಕೆ ಸಿಗುವ ಕಾಲ ಕೆಲವೇ ಸೆಕೆಂಡುಗಳದ್ದು. ಶ್ರೋತೃಗಳು ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಮಾತನ್ನು ಕೇಳುವ ಹೊತ್ತಿಗೆ ಅದು ಮುಗಿದಿರುತ್ತದೆ.

ದನಿಯ ಮಟ್ಟವನ್ನು ಕಾಯುವುದು ಇದಕ್ಕಿಂತ ನಿಧಾನದ, ಆದರೆ ಹೆಚ್ಚು ಸೂಕ್ಷ್ಮವಾದ ಕೆಲಸ. ಮೇಜಿನ ಮೇಲಿನ ವಿ.ಯು. ಮೀಟರ್ ಎಂಬ ಮಾಪಕದ ಮುಳ್ಳು ಮಾತಿನೊಡನೆ ಕುಣಿಯುತ್ತ, ಸಂಕೇತ ಎಷ್ಟು ಬಲವಾಗಿದೆ ಎಂಬುದನ್ನು ತೋರಿಸುತ್ತದೆ. ಮಟ್ಟ ತೀರ ತಗ್ಗಿದರೆ ದೂರದ ಹಳ್ಳಿಯ ರೇಡಿಯೋದಲ್ಲಿ ಮಾತು ಗದ್ದಲದೊಳಗೆ ಮುಳುಗುತ್ತದೆ. ಮಿತಿ ಮೀರಿದರೆ ಅತಿಮಾಡ್ಯುಲೇಷನ್ ಉಂಟಾಗಿ, ವಾಹಕ ತರಂಗ ಮತ್ತೆಮತ್ತೆ ಕತ್ತರಿಸಿದಂತಾಗಿ, ದನಿ ಒಡೆಯುವುದಲ್ಲದೆ ಪಕ್ಕದ ಮೆಟ್ಟಿಲಿನ ನಿಲಯಕ್ಕೂ ಅದರ ಚೂರುಗಳು ಸಿಡಿಯುತ್ತವೆ. ಈಗ ಈ ಮಿತಿಯನ್ನು ಕಾಯಲು ಲಿಮಿಟರ್ ಎಂಬ ಸಾಧನವಿದೆಯಾದರೂ ಎಲ್ಲವನ್ನೂ ಅದಕ್ಕೇ ಒಪ್ಪಿಸಿದಲ್ಲಿ ಸಂಗೀತ ಸಪ್ಪೆಯಾಗುತ್ತದೆ. ವೀಣೆಯ ಆಲಾಪನೆಯಲ್ಲಿ ಮುಳ್ಳು ಮೇಲೇಳಲಿಲ್ಲವೆಂದು ಮಟ್ಟ ಹೆಚ್ಚಿಸುವ ಫೇಡರನ್ನು ಏರಿಸಿದವರು ಮುಂದೆ ತಾಳವಾದ್ಯಕ್ಕೇ ಮೀಸಲಾದ ತನಿ ಆವರ್ತನ ಬಂದಾಗ ಮೃದಂಗದ ಪೆಟ್ಟಿಗೆ ಸಿಕ್ಕಿಬೀಳುತ್ತಾರೆ. ಕೃಷಿರಂಗ ಕಾರ್ಯಕ್ರಮದ ಮಾತಿಗೂ ಸಂಗೀತ ಕಚೇರಿಗೂ ಒಂದೇ ಕೈ ಒದಗುವುದಿಲ್ಲ ಎಂಬುದನ್ನು ಕಲಿಸಿಕೊಡುವ ಕೈಪಿಡಿಯಿಲ್ಲ. ಈ ಕಾರಣಕ್ಕಾಗಿಯೇ ಇದನ್ನು ಬರಿಯ ನೌಕರಿ ಎನ್ನದೆ ಕಸುಬು ಎನ್ನಬೇಕಾಗುತ್ತದೆ.

ದಿನದ ಕೆಲಸ ಪಾಳಿಗಳಲ್ಲಿ ನಡೆಯುತ್ತದೆ. ನಸುಕಿನಲ್ಲಿ ಸಂಕೇತರಾಗ ಮೊಳಗುವ ಎಷ್ಟೋ ಮುಂಚೆ ಟ್ರಾನ್ಸ್‌ಮಿಟರಿನ ಪಾಳಿಯವರು ಯಂತ್ರವನ್ನು ಎಬ್ಬಿಸಿರಬೇಕು. ವಾಲ್ವ್‌ಗಳಿದ್ದ ಹಳೆಯ ಯಂತ್ರಗಳಲ್ಲಿ ಮೊದಲು ತಂಪುಗಾಳಿಯನ್ನೂ ನೀರನ್ನೂ ಹರಿಸಿ, ಆಮೇಲೆ ವಾಲ್ವಿನ ತಂತು ಕಾಯುವವರೆಗೆ ತಡೆದು, ಕಡೆಯಲ್ಲಿ ಸಾವಿರಾರು ವೋಲ್ಟ್‌ಗಳ ‘ಹೈ ಟೆನ್ಷನ್’ ಕೊಡುವ ಕ್ರಮವಿತ್ತು; ಬಾಗಿಲು ತೆರೆದೊಡನೆ ವಿದ್ಯುತ್ತು ಕಡಿದುಹೋಗುವ ಏರ್ಪಾಡಿದ್ದರೂ, ಒಳಗೆ ಕೈಹಾಕುವ ಮೊದಲು ಭೂಸಂಪರ್ಕದ ಕೋಲನ್ನು ತಾಗಿಸಿ, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತನ್ನು ಇಳಿಸುವುದನ್ನು ಯಾರೂ ಮರೆಯುವಂತಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಅಪಾಯ ಕಡಿಮೆ, ಗಡಿಯಾರದ ಆಳ್ವಿಕೆ ಹೆಚ್ಚು. ಕಾರ್ಯಕ್ರಮ ವಿಭಾಗದವರು ಸಿದ್ಧಪಡಿಸಿದ ‘ಕ್ಯೂ ಶೀಟ್’ನಲ್ಲಿ ಯಾವ ಹೊತ್ತಿಗೆ ಯಾವ ಮೂಲದಿಂದ ಯಾವ ಕಾರ್ಯಕ್ರಮ ಎಂಬುದು ನಮೂದಾಗಿರುತ್ತದೆ. ಬೆಂಗಳೂರಿನಿಂದ ಬರುವ ಪ್ರದೇಶ ಸಮಾಚಾರವನ್ನು ಇತರ ನಿಲಯಗಳು ಸಹಪ್ರಸಾರ ಮಾಡುವಾಗ, ಸ್ಥಳೀಯ ಮಾತು ಮುಗಿಯುವುದಕ್ಕೂ ಬೆಂಗಳೂರಿನ ಮೊದಲ ಪದ ಹೊರಡುವುದಕ್ಕೂ ನಡುವಿನ ಕಿರುಸಂದಿಯಲ್ಲೇ ಸ್ವಿಚ್ಚು ಬದಲಾಗಬೇಕು.

ಧ್ವನಿಮುದ್ರಣ ಟೇಪಿನಲ್ಲಿದ್ದ ಕಾಲದಲ್ಲಿ ತಂತ್ರಜ್ಞರ ಕೈಗೆ ಸಮಯವು ಉದ್ದವಾಗಿಯೂ ಸಿಕ್ಕುತ್ತಿತ್ತು. ಸೆಕೆಂಡಿಗೆ 7.5 ಇಂಚು ವೇಗದಲ್ಲಿ ಓಡುವ ಕಾಲಿಂಚು ಅಗಲದ ಟೇಪಿನಲ್ಲಿ ಭಾಷಣಕಾರರ ಅರೆ ಸೆಕೆಂಡಿನ ಕೆಮ್ಮು ಹತ್ತಿರ ಹತ್ತಿರ ನಾಲ್ಕು ಇಂಚಿನ ಪಟ್ಟಿ. ಸುರುಳಿಯನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಕೆಮ್ಮಿನ ಎರಡೂ ತುದಿಗಳಿಗೆ ಪೆನ್ಸಿಲ್ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ತುದಿಗಳನ್ನು ಅಂಟಿಸಿದರೆ ಅದು ಇಲ್ಲವಾಗುತ್ತಿತ್ತು. ಈಗ ಈ ಕೆಲಸ ಕಂಪ್ಯೂಟರಿನ ಪರದೆಯ ಮೇಲೆ ಕಣ್ಣಿನಿಂದ ಆಗುತ್ತದೆ, ತಪ್ಪಾದರೆ ಹಿಂದಿರುಗಿಸಲೂ ಬರುತ್ತದೆ. ಅನುಕೂಲವೇನೋ ದೊಡ್ಡದು, ಆದರೆ ಕಿವಿಯಿಂದಲೇ ಉಸಿರಿನ ಜಾಗವನ್ನು ಹುಡುಕುತ್ತಿದ್ದ ಅಭ್ಯಾಸ ಅದರಿಂದ ಸಡಿಲವಾಗಿರುವುದೂ ನಿಜ.

ಡಿಜಿಟಲ್ ಯುಗದ ನಿಜವಾದ ತೊಡಕು ಬೇರೆಡೆ ಇದೆ, ಅದು ಕಾಲವಿಳಂಬ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಏರಿ ಮರಳಿ ಇಳಿಯುವಷ್ಟರಲ್ಲಿ ಸಂಕೇತ ಕಾಲು ಸೆಕೆಂಡಿನಷ್ಟು ತಡವಾಗುತ್ತದೆ. ದನಿಯನ್ನು ಅಂಕಿಗಳಾಗಿ ಅಡಕಗೊಳಿಸಿ ಬಿಡಿಸುವ ಹಂತಗಳು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಉದ್ಘೋಷಕರು ತಮ್ಮ ಮಾತನ್ನು ಇಷ್ಟು ತಡವಾಗಿ ತಮ್ಮ ಕಿವಿಯಲ್ಲೇ ಕೇಳಿದರೆ ನಾಲಿಗೆ ತೊದಲುವುದು ಮನುಷ್ಯಸಹಜ. ಆದ್ದರಿಂದ ಇಂಥ ವಿಳಂಬವಿರುವ ಕಡೆ ಅವರ ಹೆಡ್‌ಫೋನಿಗೆ ಸ್ಟುಡಿಯೋದ ದನಿಯನ್ನೇ ಕೊಟ್ಟು, ಗಾಳಿಯಿಂದ ಮರಳಿದ ದನಿಯನ್ನು ಕಂಟ್ರೋಲ್ ರೂಮಿಗಷ್ಟೇ ಉಳಿಸಿಕೊಳ್ಳಬೇಕಾಗುತ್ತದೆ. ಅದೇ ಪ್ರಸಾರವು ‘ನ್ಯೂಸ್ ಆನ್ ಏರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಇನ್ನೂ ಹಲವು ಸೆಕೆಂಡು ತಡವಾಗಿ ಕೇಳಿಬರುತ್ತದೆ. ಹಿಂದೆ ಒಂದೇ ರಿಸೀವರ್ ಸಾಕಾಗಿದ್ದ ಮೇಜಿನ ಮೇಲೆ ಈಗ ಮಧ್ಯಮ ತರಂಗ, ಎಫ್.ಎಂ. ಮತ್ತು ಅಂತರ್ಜಾಲದಿಂದ ಒಂದೇ ಮಾತು ಮೂರು ಬೇರೆ ಬೇರೆ ಗಳಿಗೆಗಳಲ್ಲಿ ಮರಳಿ ಬರುತ್ತದೆ, ಮತ್ತು ಮೂರರಲ್ಲಿ ಯಾವುದೊಂದು ನಿಂತರೂ ಅದು ನಿಂತ ಹೊತ್ತು, ಮತ್ತೆ ಹೊರಟ ಹೊತ್ತು ಹಾಗೂ ಕಾರಣ ಪಾಳಿಯ ಲಾಗ್ ಬುಕ್ಕಿನಲ್ಲಿ ದಾಖಲಾಗಬೇಕಾಗುತ್ತದೆ.