ನಿಮಗಿದು ಗೊತ್ತೆ? ಕಂಪನಕ್ಕೂ ಗಂಧೆ ಏಳುತ್ತದೆ!

ಮೈಮೇಲೆ ಗಂಧೆ ಎದ್ದರೆ ಮೊದಲು ಬೈಸಿಕೊಳ್ಳುವುದು ಬದನೆಕಾಯಿ, ಆಮೇಲೆ ಸಿಗಡಿ. ಆದರೆ ಕೆಲವರಿಗೆ ತಿಂದದ್ದಲ್ಲ, ಮೈಗೆ ತಾಕಿದ್ದೇ ಕಾರಣ: ಒತ್ತಡ, ಚಳಿ, ಬಿಸಿಲು, ಕೊನೆಗೆ ಬರೀ ಕಂಪನ. ಚರ್ಮದ ಮಾಸ್ಟ್ ಎಂಬ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸಿದರೆ ನವೆ, ಊತ ಶುರು. ಅದಕ್ಕೆ ಅಲರ್ಜಿಯ ವಸ್ತುವೇ ಬೇಕೆಂದಿಲ್ಲ. 2016ರಲ್ಲಿ ಲೆಬನಾನ್ ಮೂಲದ ಕುಟುಂಬಗಳಲ್ಲಿ ಕಂಪನದಿಂದ ಏಳುವ ಗಂಧೆಯ ಗುಟ್ಟು ಸಿಕ್ಕಿತು: ಎಡಿಜಿಆರ್‌ಇ2 ಎಂಬ ಜೀನಿನ ಒಂದೇ ಒಂದು ಬದಲಾವಣೆ. ಅದರಿಂದ ಕೋಶದ ಮೇಲಿನ ಪ್ರೋಟೀನಿನ ಎರಡು ಭಾಗಗಳ ಹಿಡಿತ ಸಡಿಲವಾಗಿ, ಟವೆಲ್ಲಿನಲ್ಲಿ ಮೈ ಉಜ್ಜಿದರೂ, ಚಪ್ಪಾಳೆ ತಟ್ಟಿದರೂ, ಬಸ್ಸು ಕುಲುಕಿದರೂ ಚರ್ಮ ಕೆಂಪೇರುತ್ತದೆ.

ಹಾಗಾದರೆ ದಿನವಿಡೀ ಆಟೊದಲ್ಲಿ ಅಲುಗುವ ಚೆನ್ನೈ ಊರಿಗೆ ಊರೇ ಊದಿಕೊಳ್ಳಬೇಕಿತ್ತಲ್ಲ? ಇಲ್ಲ, ಈ ಬಗೆ ತೀರಾ ಅಪರೂಪ. ಅಲ್ಲಿಯ ಸೆಖೆಯಲ್ಲಿ ಅದಕ್ಕಿಂತ ಗಮನಿಸಬೇಕಾದದ್ದು ಮೈ ಕಾದು ಬೆವರುವಾಗ ಏಳುವ ಸಾಸಿವೆಗಾತ್ರದ ಗಂಧೆ. ಇದನ್ನು ಬೆವರುಸಾಲೆ ಎಂದು ಪೌಡರ್ ಬಳಿಯುವವರೂ ಉಂಟು. ಬೆವರುಸಾಲೆ ದಿನಗಟ್ಟಲೆ ಇರುತ್ತದೆ, ಈ ಗಂಧೆ ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಮಾಯ. ಖಾರದ ಸಾರು ಉಂಡಾಗಲೂ ಏಳುತ್ತದಲ್ಲ, ಊಟದ್ದೇ ತಪ್ಪಲ್ಲವೆ ಎನ್ನಬಹುದು. ಬಿಸಿಯೂ ಖಾರವೂ ಬೆವರಿಳಿಸುವುದೇ ಅಲ್ಲಿ ಕಾರಣವಾಗಬಹುದು. ಇದನ್ನು ಖಚಿತಪಡಿಸಿಕೊಳ್ಳಲು ವೈದ್ಯರು ಸೈಕಲ್ ತುಳಿಸಿ ಬೆವರಿಸಿ ನೋಡುತ್ತಾರೆ. ಕಂಪನದ ಗುಮಾನಿಯಿದ್ದರೆ ಪ್ರಯೋಗಾಲಯದ ಅಲುಗುವ ಯಂತ್ರದ ಮೇಲೆ ಮುಂಗೈ ಇಡಿಸುತ್ತಾರೆ. ನಾಲಗೆ ಊದಿದರೆ, ಉಸಿರು ಕಟ್ಟಿದರೆ ಮಾತ್ರ ಪರೀಕ್ಷೆಗೆ ಕಾಯದೆ ನೇರ ಆಸ್ಪತ್ರೆಗೆ.